ಗಾಳಿಯ ಕಣ್ಣು

ಜೂನ್ ೩, ಸೋಮವಾರ

ಇವತ್ತಿನಿಂದ ಕಾರ್ಖಾನೆಯಲ್ಲಿ ನನ್ನನ್ನು ಗಾಜಿನ ಮೇಜಿನ ಕೆಲಸಕ್ಕೆ ಹಾಕಿದರು. ಇಷ್ಟು ವರ್ಷ ಕಿಟಕಿಯ ಚೌಕಟ್ಟಿಗೆ ರಬ್ಬರ್ ಪಟ್ಟಿ ಕೂರಿಸುವ ಕೆಲಸವಿತ್ತು, ಕೂತಲ್ಲೇ ಮುಗಿಯುತ್ತಿತ್ತು. ಈಗ ನಿಂತುಕೊಂಡು ಗಾಜು ಕೊಯ್ಯಬೇಕು, ಎತ್ತಿ ಗೋಡೆಗೆ ಒರಗಿಸಬೇಕು. "ಆಗುತ್ತೇನಮ್ಮಾ?" ಎಂದು ಯಜಮಾನರು ಕೇಳಿದರು. ಆಗುತ್ತೆ ಎಂದೆ. ಆಗುವುದಿಲ್ಲ ಎನ್ನುವುದಕ್ಕೂ ಶಕ್ತಿ ಬೇಕು.

ಗಾಜಿನ ಅಂಚು ತೋಳಿಗೆ ತಾಗಬಾರದೆಂದು ದಪ್ಪ ಅಂಗಿ ತೊಡಬೇಕಂತೆ. ನನ್ನ ಗಂಡನ ಕೆಲಸದ ಅಂಗಿಗಳು ಮನೆಯಲ್ಲಿದ್ದವು. ನೀಲಿಯದನ್ನು ತೊಟ್ಟುಕೊಂಡು ಹೋದೆ. ಭುಜ ಜಾರುತ್ತದೆ, ತೋಳು ಬೆರಳಿನ ತುದಿಗೆ ಬರುತ್ತದೆ. ಯಾರೂ ಏನೂ ಅನ್ನಲಿಲ್ಲ. ಮಿಲ್ಲಿಮೀಟರ್ ಮಾತ್ರ ಅಂಗಿಯನ್ನು ನೋಡಿ ತಲೆ ತಗ್ಗಿಸಿದ. ಅವರ ಜೊತೆ ಕಟ್ಟಡಗಳಿಗೆ ಹೋಗಿ ಕಿಟಕಿ ಕೂರಿಸುತ್ತಿದ್ದವನು ಅವನೇ. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅವನಿಗೆ ಊಟ ಸೇರುವುದಿಲ್ಲ, ಅದಕ್ಕೇ ಆ ಹೆಸರು. ನಿಜವಾದ ಹೆಸರನ್ನು ಎಲ್ಲರೂ ಮರೆತಿದ್ದಾರೆ, ಸಂಬಳ ಕೊಡುವವರೂ ಸೇರಿ.

ಸಂಜೆ ಮನೆಗೆ ಬಂದಾಗ ಅತ್ತೆ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದರು. ಬಾಗಿಲ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ನಾನೇ, ಅತ್ತೆ" ಎಂದೆ. "ಗೊತ್ತು" ಎಂದು ಮುಖ ತಿರುಗಿಸಿಕೊಂಡರು.

ನಮ್ಮಿಬ್ಬರ ನಡುವೆ ಇದ್ದದ್ದು ಅವರೊಬ್ಬರೇ. ಅತ್ತೆಗೆ ಮಗ, ನನಗೆ ಗಂಡ. ಚಳಿಗಾಲದಲ್ಲಿ ಜ್ವರವೆಂದು ಆಸ್ಪತ್ರೆಗೆ ಹೋದವರು ಹಾಗೇ ಹೋಗಿಬಿಟ್ಟರು. ಈಗ ಈ ಮನೆಯಲ್ಲಿ ನಾವಿಬ್ಬರೂ ಒಂದೇ ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ ಇದ್ದೇವೆ. ಬಸ್ಸು ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು.

ಜೂನ್ ೫, ಬುಧವಾರ

ಅತ್ತೆ ಚಹಾವನ್ನು ಲೋಟದ ಪಕ್ಕಕ್ಕೆ ಸುರಿದರು. ಒರೆಸಿದೆ. "ಲೋಟ ಅಲ್ಲಾಡ್ತು" ಎಂದರು. ಮೇಜಿನ ಮೇಲಿದ್ದ ಲೋಟ ಹೇಗೆ ಅಲ್ಲಾಡುತ್ತದೆ. ತೋಳು ನೋಯುತ್ತಿದೆ.

ಜೂನ್ ೯, ಭಾನುವಾರ

ರಜೆ. ಬಟ್ಟೆ ಒಗೆದೆ. ಹಿಂದಿನ ಕೋಣೆಯ ಕಸ ಗುಡಿಸುವಾಗ ಎಂದಿನಂತೆ ಕಿಟಕಿಯ ಮುಂದೆ ನಿಂತುಬಿಟ್ಟೆ.

ಆ ಕಿಟಕಿಯ ಗಾಜು ಅವರು ಹಾಕಿದ್ದು. ಹಳೆಯದು ಬಿರುಕು ಬಿಟ್ಟಿತ್ತು, ಕಾರ್ಖಾನೆಯಲ್ಲಿ ಉಳಿದಿದ್ದ ತುಂಡೊಂದನ್ನು ತಂದು ಕೂರಿಸಿದರು. ಹೊಸ ಗಾಜು ಕೂರಿಸಿದ ಮೇಲೆ ಸುಣ್ಣದಲ್ಲಿ ಬೆರಳದ್ದಿ ಅದರ ಮೇಲೆ ದೊಡ್ಡದಾಗಿ ಗುಣಾಕಾರದ ಗುರುತು ಹಾಕುವುದು ನಮ್ಮಲ್ಲಿ ವಾಡಿಕೆ. ಇಲ್ಲದಿದ್ದರೆ ಅಲ್ಲಿ ಗಾಜಿದೆ ಎನ್ನುವುದೇ ತಿಳಿಯದೆ ಯಾರಾದರೂ ಹಲಗೆ ತೂರಿಸುತ್ತಾರೆ, ತಲೆ ಹಾಕುತ್ತಾರೆ. ಆ ಗುರುತನ್ನು ಹಾಕಿದವನೇ ಒರೆಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಒರೆಸುವುದೆಂದರೆ, ನಾನು ಪರೀಕ್ಷೆ ಮಾಡಿದ್ದೇನೆ, ಈ ಗಾಜಿಗೆ ನಾನು ಜವಾಬ್ದಾರ ಎಂದ ಹಾಗೆ. ಅವರು ಗುರುತು ಹಾಕಿ, "ಅಂಟು ಒಣಗ್ಲಿ, ಭಾನುವಾರ ಒರೆಸ್ತೀನಿ" ಎಂದಿದ್ದರು. ಆ ಭಾನುವಾರ ಆಸ್ಪತ್ರೆಯಲ್ಲಿದ್ದರು. ಗುರುತು ಹಾಗೇ ಇದೆ. ಒಂದು ಗೆರೆಯ ಕೊನೆಯಲ್ಲಿ ಬೆರಳು ಎತ್ತುವಾಗ ಸಣ್ಣದಾಗಿ ಬಾಗಿದೆ. ಎಲ್ಲ ಗಾಜಿನ ಮೇಲೂ ಅವರ ಗೆರೆ ಹಾಗೇ ಬಾಗುತ್ತಿತ್ತು.

"ಏನೇ ಅಲ್ಲಿ ನಿಂತ್ಕೊಂಡು?" ಅತ್ತೆ ಕೇಳಿದರು.

"ಏನಿಲ್ಲ. ವಿಂಡೋ ಹತ್ರ ಧೂಳಿದೆ."

"ವಿಂಡೋ ಅಂತಿದ್ದೀಯಲ್ಲ, ದಿನಾ ಅದನ್ನೇ ಮಾಡ್ತೀಯ, ಹಂಗಂದ್ರೇನು ಗೊತ್ತಾ?"

ಅತ್ತೆ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ನಿವೃತ್ತಿಯಾಗಿ ವರ್ಷಗಳಾದವು. ಯಾವ ಮಾತು ಎಲ್ಲಿಂದ ಬಂತು ಎಂದು ಹೇಳುವುದು ಅವರ ಹಳೆಯ ಚಟ. ನನ್ನ ಗಂಡ ಇದ್ದಾಗ ಅತ್ತೆ ಊಟದ ನಡುವೆ ಶುರುಮಾಡಿದರೆ, "ಅಮ್ಮಾ, ತುತ್ತು ನುಂಗಿ ಪಾಠ ಮಾಡು" ಎನ್ನುತ್ತಿದ್ದರು. ಆಮೇಲೆ ಅತ್ತೆ ಅದನ್ನು ಬಿಟ್ಟೇಬಿಟ್ಟಿದ್ದರು. ಇವತ್ತು ಯಾಕೆ ನೆನಪಾಯಿತೋ.

"ಕಿಟಕಿ" ಎಂದೆ.

"ಅದು ನಂಗೂ ಗೊತ್ತು. ಹುಟ್ಟು ಕೇಳ್ತಿದೀನಿ. ಗಾಳಿಯ ಕಣ್ಣು ಅಂತ. ವಿಂಡ್ ಅಂದ್ರೆ ಗಾಳಿ. ಆ ಕೊನೇ ಓ ಇದೆಯಲ್ಲ, ಅದು ಕಣ್ಣು ಸವೆದು ಸವೆದು ಉಳಿದಿದ್ದು. ಬಡಗಣ, ಅಂದ್ರೆ ಉತ್ತರದ ಸಮುದ್ರದ ಕಡೆಯವರ ಮಾತು. ಅವರ ಮನೇಲಿ ಗಾಜೆಲ್ಲಿತ್ತು? ಸೂರಲ್ಲೊಂದು ತೂತು. ಹೊಗೆ ಹೋಗ್ಬೇಕು, ಗಾಳಿ ಬರ್ಬೇಕು. ಅದನ್ನ ಕಣ್ಣು ಅಂದ್ರು."

ನಾನು ಗುಡಿಸುತ್ತಲೇ ಇದ್ದೆ.

"ನಮ್ಮಲ್ಲಿ ಗವಾಕ್ಷಿ ಅಂತೀವಲ್ಲ, ಅದೇನು? ಹಸುವಿನ ಕಣ್ಣು. ಅವರು ಯಾರೋ, ನಾವು ಯಾರೋ. ಒಬ್ಬರನ್ನೊಬ್ಬರು ಕೇಳ್ಕೊಂಡು ಹೆಸರಿಟ್ಟಿದ್ದಲ್ಲ. ಗೋಡೇಲಿ ತೂತು ಕಂಡ ಕೂಡಲೇ ಇಬ್ಬರಿಗೂ ಕಣ್ಣೇ ನೆನಪಾಗಿದೆ ನೋಡು."

ಹೇಳುತ್ತಾ ಕಿಟಕಿಯ ಕಡೆ ಮುಖ ಮಾಡಿದ್ದರು. ಆದರೆ ಕಿಟಕಿಗಿಂತ ಒಂದು ಗೇಣು ಪಕ್ಕಕ್ಕೆ, ಗೋಡೆಯನ್ನು ನೋಡುತ್ತಿದ್ದರು. ಆಗ ನನಗೆ ಭಯವಾಯಿತು.

ಜೂನ್ ೧೦, ಸೋಮವಾರ

ಊಟದ ಹೊತ್ತಿನಲ್ಲಿ ಮಿಲ್ಲಿಮೀಟರ್‌ಗೆ ಹೇಳಿದೆ. "ವಿಂಡೋ ಅಂದ್ರೆ ಗಾಳಿಯ ಕಣ್ಣಂತೆ."

"ಅಳತೆ ಎಷ್ಟಂತೆ ಅಕ್ಕಾ?" ಎಂದ.

ಜೂನ್ ೧೫, ಶನಿವಾರ

ಅರ್ಧ ದಿನ ರಜೆ ಹಾಕಿ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬರುವುದಿಲ್ಲವೆಂದು ಹಟ ಮಾಡಿದರು. ಕನ್ನಡಕದ ಅಳತೆ ಮಾತ್ರ ಎಂದು ಹೇಳಿ ಹೊರಡಿಸಿದೆ.

ಎರಡು ಕಣ್ಣಿಗೂ ಪೊರೆ ಬಂದಿದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಬೇಗ ಬೇಗ ಮಾತಾಡುತ್ತಾರೆ. ಪೊರೆ ಬಲಿತು ಒಳಗೆ ಒತ್ತಡ ಏರುತ್ತಿದೆ, ಎಡಗಣ್ಣಿನಲ್ಲಿ ಜಾಸ್ತಿ. ಒತ್ತಡದಿಂದ ಹಿಂದಿನ ನರ ಸತ್ತರೆ ಆಮೇಲೆ ಯಾವ ಆಪರೇಷನ್ ಮಾಡಿದರೂ ಬೆಳಕು ಬರುವುದಿಲ್ಲ ಎಂದರು. ಅತ್ತೆಯನ್ನು ಹೊರಗೆ ಕೂರಿಸಿ ಬಂದ ಮೇಲೆ ನನಗೆ, "ನಮಗೊಂದು ಸಣ್ಣ ವಿಂಡೋ ಇದೆ, ಅದನ್ನ ಕಳ್ಕೋಬೇಡಿ" ಎಂದರು. ನಾನು ಅವರ ಕೋಣೆಯ ಕಿಟಕಿಯ ಕಡೆ ತಿರುಗಿ ನೋಡಿದೆ. ಕೇಳುವುದಕ್ಕೆ ನಾಚಿಕೆಯಾಯಿತು.

ಹೊರಗೆ ಬಂದು ಆಪರೇಷನ್ ಎಂದ ಕೂಡಲೇ ಅತ್ತೆ ಎದ್ದು ನಿಂತರು. "ನೋಡ್ಬೇಕಾದ್ದೆಲ್ಲ ನೋಡಿಯಾಯ್ತು. ನಡಿ ಮನೆಗೆ."

ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು.

ಜೂನ್ ೧೬, ಭಾನುವಾರ

"ಅತ್ತೆ, ವಿಂಡೋ ಅಂದ್ರೆ ಬೇರೆ ಅರ್ಥಾನೂ ಇದೆಯಾ?"

"ಬೇಕಾದಷ್ಟು. ಟಿಕೆಟ್ ಕೊಡೋ ಕಂಡಿ ವಿಂಡೋ. ಕಂಪ್ಯೂಟರಲ್ಲಿ ತೆರೆಯುತ್ತಲ್ಲ, ಅದೂ ವಿಂಡೋ. ಕವರಿನ ಮೇಲೆ ವಿಳಾಸ ಕಾಣೋ ಹಾಗೆ ಹೊಳೆಯೋ ಕಾಗದ ಹಾಕಿರ್ತಾರಲ್ಲ, ಅದೂನೂ. ಇನ್ನೊಂದು, ಸಮಯ. ಕೆಲಸ ಆಗೋದಾದ್ರೆ ಇಷ್ಟರೊಳಗೆ ಆಗ್ಬೇಕು, ಆಮೇಲೆ ಮುಚ್ಕೊಂಡ್‌ಬಿಡುತ್ತೆ ಅಂತಾರಲ್ಲ, ಆ ಎಡೆ."

ಅತ್ತೆ ನನ್ನ ಕಡೆ ತಿರುಗಿ, "ಡಾಕ್ಟ್ರು ಹೇಳಿದ್ನಾ?" ಎಂದು ಕೇಳಿದರು.

"ಹೂಂ."

"ಪರವಾಗಿಲ್ಲ. ಸರಿಯಾದ ಜಾಗದಲ್ಲೇ ಬಳಸಿದ್ದಾನೆ."

ಮಾರ್ಕು ಹಾಕಿದ ಹಾಗೆ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು.

ಜೂನ್ ೨೫, ಮಂಗಳವಾರ

ದೊಡ್ಡ ಕಟ್ಟಡವೊಂದರ ಕೆಲಸ ಬಂದಿದೆ. ಗಾಜು, ಗಾಜು, ಗಾಜು. ಬರೆಯಲು ಏನೂ ಇಲ್ಲ.

ಜೂನ್ ೩೦, ಭಾನುವಾರ

ಅತ್ತೆಗೆ ಎಡಗಣ್ಣು ನೋವು. ತಲೆಯೂ ನೋವು. ಹೇಳಲಿಲ್ಲ, ಆದರೆ ಒದ್ದೆ ಬಟ್ಟೆ ಕಣ್ಣಿಗೆ ಒತ್ತಿಕೊಂಡು ಕೂತಿದ್ದರು. ನೋವು ಮರೆಯಲಿ ಎಂದೋ ಏನೋ, ತಾವಾಗಿಯೇ ಮಾತು ತೆಗೆದರು.

"ಇಂಗ್ಲಿಷ್‌ನವರ ಹತ್ರ ಮೊದಲು ಬೇರೆ ಹೆಸರಿತ್ತು ಕಣೇ ಕಿಟಕಿಗೆ. ಕಣ್ಣಿನ ತೂತು ಅಂತಿದ್ರು. ಆಮೇಲೆ ಬಡಗಣದವರು ಹಡಗಲ್ಲಿ ಬಂದ್ರು, ಅಲ್ಲೇ ಮನೆ ಮಾಡಿದ್ರು. ಅವರ ಗಾಳಿ ಕಣ್ಣು ಒಳಗೆ ಬಂತು, ಇವರ ಕಣ್ಣಿನ ತೂತು ಮೂಲೆಗೆ ಹೋಯ್ತು. ಅತ್ತೆ ಸೊಸೆ ಕಥೆ ಎಲ್ಲಾ ಕಡೆ ಒಂದೇ."

ನಾನು ನಕ್ಕೆ ಅನ್ನಿಸುತ್ತದೆ. ಅವರು ಇನ್ನೂ ಹುರುಪಿನಿಂದ ಹೇಳಿದರು. ಗಾಜು ಬಂದಿದ್ದು ಎಷ್ಟೋ ಕಾಲದ ಮೇಲಂತೆ. ಅದೂ ದೊಡ್ಡವರ ಮನೆಗೆ. ಆಮೇಲೆ ಅಲ್ಲಿಯ ಸರ್ಕಾರ ಕಿಟಕಿಗೆ ತೆರಿಗೆ ಹಾಕಿತಂತೆ, ಕಿಟಕಿ ಜಾಸ್ತಿಯಾದರೆ ತೆರಿಗೆ ಜಾಸ್ತಿ. ಜನ ತೆರಿಗೆ ತಪ್ಪಿಸಿಕೊಳ್ಳಲು ಚೆನ್ನಾಗಿದ್ದ ಕಿಟಕಿಗೇ ಇಟ್ಟಿಗೆ ಕಟ್ಟಿ ಮುಚ್ಚಿಕೊಂಡರಂತೆ. ಒಳಗೆ ಕತ್ತಲಲ್ಲಿ ಕೂತರಂತೆ.

ನನಗೆ ಎಲ್ಲಿತ್ತೋ ಕೋಪ. "ನೀವು ಯಾವ ತೆರಿಗೆ ಉಳಿಸ್ತಿದ್ದೀರಿ ಅತ್ತೆ?" ಎಂದುಬಿಟ್ಟೆ.

ಮದುವೆಯಾಗಿ ಬಂದಾಗಿನಿಂದ ಅವರಿಗೆ ಹಾಗೆ ಎದುರು ಮಾತಾಡಿದ್ದಿಲ್ಲ. ಬೈಯುತ್ತಾರೆ ಎಂದುಕೊಂಡೆ. ಅವರು ಒದ್ದೆ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಸಂಜೆ ನೀನು ಅವನ ಅಂಗಿ ಹಾಕ್ಕೊಂಡು ಬರ್ತೀಯಲ್ಲ. ಬಾಗಿಲಲ್ಲಿ ಒಂದು ಗಳಿಗೆ ನಿಲ್ತೀಯ, ಚಪ್ಪಲಿ ಬಿಡೋಕೆ. ನಂಗೆ ಮುಖ ಕಾಣಲ್ಲ. ಎಲ್ಲಾ ಮಂಜು ಮಂಜು. ನೀಲಿ ಅಂಗಿ ಮಾತ್ರ ಕಾಣುತ್ತೆ. ನೀನು ಬಾಯಿ ತೆಗೆಯೋ ತನಕ ಅವನೇ ಬಂದ ಹಾಗೆ."

ಬಟ್ಟೆಯ ಮಡಿಕೆ ನೀವುತ್ತಾ, "ಕಣ್ಣು ಸರಿಯಾದ್ರೆ ನೀನೇ ಕಾಣ್ತೀಯ" ಎಂದರು.

ಒಲೆಯ ಮೇಲೆ ಹಾಲಿದೆ ಎಂದು ಎದ್ದು ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಜುಲೈ ೩, ಬುಧವಾರ

ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ "ನಾನೇ, ಅತ್ತೆ" ಎನ್ನಲಿಲ್ಲ. ಸೋಮವಾರವೂ ಅನ್ನಲಿಲ್ಲ, ನಿನ್ನೆಯೂ ಅನ್ನಲಿಲ್ಲ. ಅವರು ನೋಡುತ್ತಾರೆ, ನಾನು ನಿಂತಿರುತ್ತೇನೆ. ಆಮೇಲೆ ಕೆಮ್ಮಿ ಒಳಗೆ ಹೋಗುತ್ತೇನೆ.

ಇದು ಒಳ್ಳೆಯದಲ್ಲ. ಡಾಕ್ಟರ ಮಾತು ತಲೆಯಲ್ಲಿದೆ. ಆದರೂ ಅಷ್ಟು ಹೊತ್ತು ಅವರ ಮುಖ ಹೇಗಾಗುತ್ತದೆ ಎಂದರೆ, ಅದನ್ನು ಕಿತ್ತುಕೊಳ್ಳಲು ನನಗೆ ಕೈ ಬರುವುದಿಲ್ಲ. ನನಗೂ ಯಾರಾದರೂ ಹಾಗೆ ಬಾಗಿಲಲ್ಲಿ ನಿಂತರೆ ಬೇಡ ಎನ್ನುತ್ತೇನೆಯೇ?

ಜುಲೈ ೧೦, ಬುಧವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಸಂಜೆ ಬಂದಾಗ ಅತ್ತೆ ಎಂದೂ ಇಲ್ಲದ ಉಲ್ಲಾಸದಲ್ಲಿದ್ದರು. ಒದ್ದೆ ಬಟ್ಟೆಯೊಂದು ಕೈಯಲ್ಲಿತ್ತು. "ದಿನಾ ಗಾಜು ಹೊತ್ತು ಬರ್ತೀಯ, ಮನೆ ಗಾಜೂ ನೀನೇ ಒರೆಸ್ಬೇಕಾ ಅಂತ ಒರೆಸಿಟ್ಟೆ. ಮುಟ್ಟಿದ್ರೆ ಏನೋ ಗರಗರ ಅಂತಿತ್ತು. ಎಷ್ಟು ಉಜ್ಜಿದೆ ಗೊತ್ತಾ?"

ಹಿಂದಿನ ಕೋಣೆಗೆ ಹೋದೆ. ಗಾಜು ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಶುಭ್ರವಾಗಿತ್ತು. ಆ ಕಡೆ ಪಕ್ಕದ ಮನೆಯ ನೀರಿನ ಕೊಳವೆ, ಅದರ ಮೇಲೆ ಕೂತ ಬೆಕ್ಕು, ಎಲ್ಲ ಕಾಣುತ್ತಿತ್ತು.

"ಹೇಗಿದೆ? ಚೆನ್ನಾಗಾಯ್ತಾ?" ಹಿಂದೆಯೇ ಬಂದಿದ್ದರು.

ನಾನು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತೇನೋ. ತಣ್ಣಗೆ ಹೇಳಿದೆ. "ಅಲ್ಲಿ ಅವರು ಹಾಕಿದ ಗುರುತಿತ್ತು. ಸುಣ್ಣದ್ದು. ಹಾಕಿದವರೇ ಒರೆಸ್ಬೇಕು ಅಂತ ನಾನು ಮುಟ್ಟಿರಲಿಲ್ಲ."

"ಎಲ್ಲಿತ್ತು?"

"ಇಲ್ಲೇ. ನಿಮ್ಮ ಮಂಚದ ಪಕ್ಕಾನೇ. ಇಷ್ಟು ದೊಡ್ಡದು."

ಕೈ ಅಗಲಿಸಿ ತೋರಿಸಿದೆ. ಕಾಣುವುದಿಲ್ಲ ಎಂದು ನೆನಪಾಗಿ, ಅವರ ಕೈ ಹಿಡಿದು ಗಾಜಿನ ಮೇಲೆ ಮೇಲಿಂದ ಕೆಳಗೆ ಓರೆಯಾಗಿ ಒಂದು ಗೆರೆ ಎಳೆಸಿದೆ, ಅಡ್ಡ ಇನ್ನೊಂದು. ಯಾಕೆ ಹಾಗೆ ಮಾಡಿದೆನೋ. ಕೊನೆಯ ಬಾಗನ್ನೂ ಎಳೆಸಿದೆ. ಅವರ ಬೆರಳು ತಣ್ಣಗಿತ್ತು.

"ಯಾವಾಗಿಂದ?"

"ಅವರು ಆಸ್ಪತ್ರೆಗೆ ಹೋಗೋ ಮುಂಚಿಂದ."

ಅತ್ತೆ ಅಂಗೈಯನ್ನು ಗಾಜಿನ ಮೇಲೇ ಇಟ್ಟುಕೊಂಡು ನಿಂತರು. ನಾನು ಅಡುಗೆಮನೆಗೆ ಬಂದೆ. ಇಬ್ಬರೂ ಊಟ ಮಾಡಲಿಲ್ಲ.

ಜುಲೈ ೧೧, ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಅತ್ತೆಗೆ ಹೇಳದೆ ಹೋಗೋಣವೆಂದು ಬಾಗಿಲ ಹತ್ತಿರ ಹೋದೆ. ಹಿಂದಿನಿಂದ ಮಾತು ಬಂತು.

"ಇರೋದು ಕಾಣ್ಲಿಲ್ಲ. ಇಲ್ದೇ ಇರೋದು ಕಾಣ್ತಾ ಇತ್ತು ನಂಗೆ."

ನಾನು ನಿಂತೆ.

"ಅವನ ಕೈ ಗುರುತು ತಲೆ ಹತ್ರಾನೇ ಇಟ್ಕೊಂಡು, ನಾನು ಅಂಗಿ ನೋಡ್ತಾ ಕೂತಿದ್ದೆ. ಡಾಕ್ಟ್ರಿಗೆ ಹೇಳು. ಆತ ಹೇಳಿದ ವಿಂಡೋ ಇನ್ನೂ ತೆಗೆದಿದ್ರೆ."

ಯಜಮಾನರಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಎಂದೆ. "ಏನಾಯ್ತಮ್ಮಾ?" ಎಂದು ಕೇಳಿದರು. ಮನೆಯಲ್ಲಿ ನಮ್ಮವರೊಬ್ಬರಿಗೆ ಹುಷಾರಿಲ್ಲ ಎಂದೆ.

ಎಡಗಣ್ಣಿನ ನರ ಹೋಗಿದೆ. ಡಾಕ್ಟರು ಬೆಳಕು ಬಿಟ್ಟು ಬಿಟ್ಟು ನೋಡಿದರು, ಯಂತ್ರಕ್ಕೆ ಗಲ್ಲ ಒರಗಿಸಿ ನೋಡಿದರು. ಬಲಗಣ್ಣಿಗೆ ಇನ್ನೂ ಅವಕಾಶವಿದೆ, ತಡಮಾಡುವ ಹಾಗಿಲ್ಲ ಎಂದರು. ಆ ದಿನವೇ ಒಪ್ಪಿದ್ದರೆ ಎರಡೂ ಉಳಿಯುತ್ತಿತ್ತೇ ಎಂದು ಕೇಳಲು ಬಾಯಿ ತೆಗೆದೆ. ಅತ್ತೆ ನನ್ನ ಕೈ ಒತ್ತಿದರು.

ಮೂರು ದಿನ ನಾನು ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆನಲ್ಲ. ಆಮೇಲೂ ನಿಂತೆ, ಬರೆಯಲಿಲ್ಲ ಅಷ್ಟೇ.

ಜುಲೈ ೧೮, ಗುರುವಾರ

ಆಪರೇಷನ್ ಆಯಿತು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಅವರನ್ನು ಒಳಗೆ ಕರೆದುಕೊಂಡು ಹೋದಾಗ ನನ್ನ ಎದೆಯೊಳಗೆ ಆ ಚಳಿಗಾಲದ ಆಸ್ಪತ್ರೆ ಮತ್ತೆ ಎದ್ದು ಕೂತಿತು. ಅದೇ ವಾಸನೆ, ತಳ್ಳುಗಾಡಿಯ ಅದೇ ಕಿರಿಕಿರಿ ಸದ್ದು. ಆಗಲೂ ಹೀಗೇ ಕೂತಿದ್ದೆವು, ನಾನು ಬೆಂಚಿನ ಈ ಕೊನೆಯಲ್ಲಿ, ಅತ್ತೆ ಆ ಕೊನೆಯಲ್ಲಿ. ಆಗ ಒಂದು ಮಾತೂ ಆಡಿರಲಿಲ್ಲ. ಇವತ್ತು ಬೆಂಚಿನ ಆ ಕೊನೆ ಖಾಲಿಯಿತ್ತು. ಆಗ ಆಡಬಹುದಾಗಿತ್ತು ಅನ್ನಿಸಿತು.

ಮಿಲ್ಲಿಮೀಟರ್ ಕೆಲಸ ಬಿಟ್ಟು ಬಂದ. ಬ್ರೆಡ್ಡು, ಹಣ್ಣು ತಂದಿದ್ದ. "ಒಳಗೆ ಹೊಸ ಲೆನ್ಸ್ ಕೂರಿಸ್ತಾರಂತಲ್ಲ ಅಕ್ಕಾ, ಅಂಟು ಹಾಕ್ತಾರಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಅಂಟಿಲ್ದೆ ಹೇಗೆ ನಿಲ್ಲುತ್ತೆ" ಎಂದು ಸಂಜೆಯವರೆಗೂ ಅವನಿಗೆ ಅದೇ ಯೋಚನೆ. ಕೊನೆಗೆ ನರ್ಸಮ್ಮನನ್ನೇ ಕೇಳಿದ. ಚೌಕಟ್ಟಿನ ಹಾಗೆ ಒಳಗೊಂದು ತೆಳು ಚೀಲವಿದೆ, ಅದರಲ್ಲಿ ಕೂರುತ್ತದೆ ಎಂದು ಅವರು ಹೇಳಿದ ಮೇಲೆ ಸಮಾಧಾನವಾಗಿ ಮನೆಗೆ ಹೋದ.

ಜುಲೈ ೧೯, ಶುಕ್ರವಾರ

ಬೆಳಿಗ್ಗೆ ಕಟ್ಟು ಬಿಚ್ಚಿದರು. ಅತ್ತೆ ಮೊದಲು ಡಾಕ್ಟರನ್ನು ನೋಡಿದರು. "ಇಷ್ಟು ಚಿಕ್ಕವನಾ ನೀನು?" ಎಂದರು. ಅವರು ನಕ್ಕರು.

ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು. ಇವತ್ತು ನಾನು ನೀಲಿ ಅಂಗಿ ತೊಟ್ಟಿರಲಿಲ್ಲ, ನನ್ನದೇ ಬಟ್ಟೆಯಲ್ಲಿದ್ದೆ. ಬಹಳ ಹೊತ್ತು ನೋಡಿದರು. ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ನೆಲ ನೋಡಿದೆ.

"ನೀನು ಇಷ್ಟು ಸೊರಗಿದ್ದೀಯ ಅಂತ ನಂಗೆ ಯಾರೂ ಹೇಳ್ಲೇ ಇಲ್ವಲ್ಲ" ಎಂದರು.

ಯಾರು ಹೇಳಬೇಕಿತ್ತು. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ.

ಜುಲೈ ೨೮, ಭಾನುವಾರ

ಅತ್ತೆ ಮನೆಯನ್ನೆಲ್ಲ ನೋಡಿ ಮುಗಿಸಿದ್ದಾರೆ. ಸಂತೋಷವಿಲ್ಲ. "ಗೋಡೆ ಇಷ್ಟು ಕೊಳಕಾಗಿತ್ತಾ? ಪಾತ್ರೆ ತಳ ಇಷ್ಟು ಕಪ್ಪಾ?" ಕಿಟಕಿಯಿಂದ ಆಚೆ ನೋಡಿ, "ಬರೀ ಕೊಳವೆ. ಇದಕ್ಕೇನಾ ಕಣ್ಣು ಕೊಯ್ಸಿಕೊಂಡಿದ್ದು?" ಎಂದರು. ಬೆಕ್ಕು ಬಂದ ಮೇಲೆ ಸ್ವಲ್ಪ ತಣ್ಣಗಾದರು.

ಮಗನ ಫೋಟೊದ ಮುಂದೆ ನಿಂತಿದ್ದರು. ಪಕ್ಕದಲ್ಲಿ ಹೋಗಿ ನಿಂತೆ. "ಮೂಗು ನಂದೇ" ಎಂದರು. "ಕೋಪವೂ ನಿಮ್ದೇ" ಎಂದೆ. ಹೌದೆಂದು ಒಪ್ಪಿಕೊಂಡರು.

ನೀಲಿ ಅಂಗಿಯನ್ನು ಒಗೆದು ಒಣಗಿಸಿದ್ದೆ. ಅದನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದರು. ನೆನಪಿಗೆಂದು ಎತ್ತಿಟ್ಟುಕೊಳ್ಳಲು ಕೇಳುತ್ತಾರೆ ಎಂದುಕೊಂಡೆ. "ತೋಳು ಉದ್ದ, ಕೆಲಸದಲ್ಲಿ ಎಲ್ಲಾದ್ರೂ ಸಿಕ್ಕಿಹಾಕ್ಕೊಳ್ಳುತ್ತೆ. ನಿನ್ನ ಅಳತೆಗೆ ಮಡಚಿ ಹೊಲಿದುಕೊಡ್ತೀನಿ, ಕನ್ನಡಕ ಬರ್ಲಿ" ಎಂದರು.

ಮಧ್ಯಾಹ್ನ ನಿದ್ದೆ ಬಂತು. ಮಲಗಿದ್ದು ಅತ್ತೆಯ ಮಂಚದ ಮೇಲೆ. ಎದ್ದಾಗ ಮೈಮೇಲೆ ಶಾಲಿತ್ತು.

ಆಗಸ್ಟ್ ೬, ಮಂಗಳವಾರ

ಇವತ್ತು ಗಾಜಿನ ಚೂರೊಂದು ಬೆರಳಿಗೆ ಹೊಕ್ಕಿತು. ಮೇಜು ಒರೆಸುವಾಗ ಕೈಗವಸು ತೆಗೆದಿದ್ದೆ, ನನ್ನದೇ ತಪ್ಪು. ಕಟ್ಟಿಗೆಯ ಸಿಬಿರಾದರೆ ಕಾಣುತ್ತದೆ. ಗಾಜು ಚರ್ಮದೊಳಗೆ ಹೋದರೆ ಅದಕ್ಕೆ ಬಣ್ಣವೇ ಇರುವುದಿಲ್ಲ. ಮಿಲ್ಲಿಮೀಟರ್ ನೋಡಿದ, ಯಜಮಾನರು ಕನ್ನಡಕ ಏರಿಸಿ ನೋಡಿದರು. ಯಾರಿಗೂ ಕಾಣಲಿಲ್ಲ. ಏನಾದರೂ ಮುಟ್ಟಿದರೆ ಮಾತ್ರ ಮೊಣಕೈವರೆಗೆ ಝುಂ ಎನ್ನುತ್ತಿತ್ತು. ಹಾಗೇ ಕೆಲಸ ಮುಗಿಸಿದೆ.

ಮನೆಯಲ್ಲಿ ಲೋಟ ಎತ್ತುವಾಗ ಮುಖ ಕಿವುಚಿದೆನಂತೆ. ಅತ್ತೆ ಹಿಡಿದುಬಿಟ್ಟರು. "ಕೈ ಕೊಡು ಇಲ್ಲಿ."

ಏನಿಲ್ಲ ಎಂದೆ. ಆ ಮಾತು ಈಗ ಅವರ ಹತ್ತಿರ ನಡೆಯುವುದಿಲ್ಲ. ಹೊಸ ಕನ್ನಡಕ ಹಾಕಿಕೊಂಡರು, ಸೂಜಿಯನ್ನು ಬೆಂಕಿಗೆ ಹಿಡಿದು ತಂದರು, ನನ್ನನ್ನು ಹಿಂದಿನ ಕೋಣೆಯ ಮಂಚದ ಮೇಲೆ ಕೂರಿಸಿಕೊಂಡು ಬೆರಳನ್ನು ಸಂಜೆಯ ಬಿಸಿಲಿಗೆ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಒಂದೇ ಕಣ್ಣಿಗೆ ಯಾವುದು ಎಷ್ಟು ದೂರ ಎನ್ನುವುದು ಸರಿಯಾಗಿ ತಿಳಿಯುವುದಿಲ್ಲವಂತೆ. ಸೂಜಿ ಮೊದಲು ಗಾಳಿಯಲ್ಲಿ ನಿಂತಿತು, ಆಮೇಲೆ ಚೆನ್ನಾಗಿದ್ದ ಚರ್ಮಕ್ಕೆ ಚುಚ್ಚಿತು.

"ಅದು ನನ್ನ ಒಳ್ಳೇ ಬೆರಳು, ಅತ್ತೆ."

"ಸುಮ್ನಿರು. ಟೀಚರ್ ಬರೀವಾಗ ಮಾತಾಡ್ಬಾರ್ದು."

ಅವರ ಉಸಿರು ನನ್ನ ಅಂಗೈಗೆ ತಾಗುತ್ತಿತ್ತು. ತಲೆ ಬಾಗಿಸಿದ್ದರಿಂದ ಬೈತಲೆಯ ಬಿಳಿಗೂದಲು ಕಾಣುತ್ತಿತ್ತು. ಬೆರಳನ್ನು ಕೂದಲಷ್ಟು ಓರೆ ಮಾಡಿ ತಡೆದರು. "ಇಲ್ಲಿದೀಯಾ" ಎಂದರು, ನನಗಲ್ಲ, ಚೂರಿಗೆ. ಸೂಜಿಯ ತುದಿಯಲ್ಲಿ ಏನೋ ಮಿನುಗಿತು. ಅಷ್ಟೇ ಅಷ್ಟು.

ನನಗೆ ಅಳು ಬಂತು. ನೋವು ಆಗಲೇ ಹೋಗಿತ್ತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ. ಭುಜವೆಲ್ಲ ಅಲುಗುವಷ್ಟು ಬಂತು.

"ಇಷ್ಟಕ್ಕೆಲ್ಲ ಅಳ್ತಾರೇನೇ, ಆಚೆ ಬಂತಲ್ಲ" ಎಂದರು. ಚೂರನ್ನು ಕಾಗದದಲ್ಲಿ ಮಡಚಿಟ್ಟರು. ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ, "ಇನ್ನೆಲ್ಲಾದ್ರೂ ಇದೆಯಾ?" ಎಂದು ಕೇಳಿದರು.

ಇರಲಿಲ್ಲ. ಆದರೂ ಇನ್ನೊಂದು ಕೈಯನ್ನೂ ಅವರ ತೊಡೆಯ ಮೇಲಿಟ್ಟೆ. ಅವರು ಏನೂ ಅನ್ನದೆ ಒಂದೊಂದೇ ಬೆರಳನ್ನು ಬೆಳಕಿಗೆ ಹಿಡಿದು ಹುಡುಕತೊಡಗಿದರು.